ಕೋಳಿಗೂಡಿನ ಖರ್ಚನ್ನು ತೆರುವವರು ಯಾರು?

ಧರ್ಮಸಂಬಂಧವಾದ ವಿಚಾರವೆಂದರೆ ಪಾಪ, ರಕ್ಷಣೆ, ನ್ಯಾಯತೀರ್ಪು ಮುಂತಾದ ಮಹಾ ಸಂಗತಿಗಳು ಮಾತ್ರವೇ ಎಂದು ನಮ್ಮಲ್ಲಿ ಅನೇಕರು ಎಣಿಸುತ್ತಾರೆ. ಹಿತ್ತಲಲ್ಲಿ ನಾಲ್ಕು ಕೋಳಿಗಳಿಗೆ ಗೂಡು ಕಟ್ಟುವ ಕೆಲಸದಲ್ಲಿ ಧರ್ಮಾಧರ್ಮಗಳ ಪ್ರಶ್ನೆ ಏನಿದೆ ಎಂದು ಅವರು ಕೇಳಬಹುದು. ಅಂಥವರು ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯವನ್ನು ತೆರೆದು ನೋಡಲಿ. ನೆರೆಯವನ ಕಳೆದುಹೋದ ಎತ್ತನ್ನಾಗಲಿ ವಸ್ತ್ರವನ್ನಾಗಲಿ ಕಂಡವನು ಏನು ಮಾಡಬೇಕೆಂದೂ, ಮರಿಗಳ ಮೇಲೆ ಕೂತಿರುವ ತಾಯಿಪಕ್ಷಿಯನ್ನು ಕಂಡವನು ಏನು ಮಾಡಬೇಕೆಂದೂ, ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಏನನ್ನು ಕಟ್ಟಬೇಕೆಂದೂ ಅಲ್ಲಿ ಮೋಶೆಯು ಒಂದೇ ಅಧ್ಯಾಯದ ಎಂಟು ವಚನಗಳೊಳಗೆ ಹೇಳಿದ್ದಾನೆ. ಸಿಕ್ಕಿದ ವಸ್ತು, ಪಕ್ಷಿ, ಕಟ್ಟಡ ಎಂಬ ಈ ಮೂರು ಸಂಗತಿಗಳೂ ಹಳೆಯ ಸಾಮಾನುಗಳಿಂದ ಕೋಳಿಗೂಡನ್ನು ಕಟ್ಟುವವನ ಕೈಯಲ್ಲಿ ಒಟ್ಟಿಗೆ ಸೇರುತ್ತವೆ. ಆದಕಾರಣ ಇದು ನಮ್ಮ ವಿಚಾರಕ್ಕೆ ಯೋಗ್ಯವಾದ ವಿಷಯವೇ ಸರಿ.

ಈ ಪ್ರಶ್ನೆಯು ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿರುವ ನಮ್ಮ ಸಭೆಗಳವರಿಗೆ ದಿನದಿನವೂ ಎದುರಾಗುತ್ತದೆ. ೧೯೪೮ರಲ್ಲಿ ಅಸ್ತಿವಾರ ಹಾಕಲ್ಪಟ್ಟ ಜಯನಗರದಲ್ಲಿಯೂ, ಅದರ ಸುತ್ತಣ ಬನಶಂಕರಿ, ಜೆ. ಪಿ. ನಗರಗಳಲ್ಲಿಯೂ ಮೊದಲನೆಯ ತಲೆಯವರು ಕಟ್ಟಿದ ಒಂದಂತಸ್ತಿನ ಮನೆಗಳನ್ನು ಈಗ ಕೆಡವಿ, ಆ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತುಗಳನ್ನು ಎಬ್ಬಿಸುತ್ತಿದ್ದಾರೆ. ಮನೆ ಬಿದ್ದಾಗ ಕದ, ಕಿಟಕಿ, ತೊಲೆ, ಹೆಂಚುಗಳು ಬೀದಿಯ ಬದಿಗೆ ಬರುತ್ತವೆ. ಅದೇ ಬಡಾವಣೆಗಳ ನಡುವೆ ಸಾರಕ್ಕಿ, ಜರಗನಹಳ್ಳಿ, ಯಡಿಯೂರು ಎಂಬ ಹಳೆಯ ಹಳ್ಳಿಗಳೂ, ಬಿ. ಟಿ. ಎಂ. ಬಡಾವಣೆಗೆ ಮೂರು ಅಕ್ಷರಗಳನ್ನು ಕೊಟ್ಟ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೂ ತಮ್ಮ ಹೆಸರುಗಳನ್ನು ಉಳಿಸಿಕೊಂಡಿವೆ. ಕನಕಪುರದ ರಸ್ತೆ, ಬನ್ನೇರುಘಟ್ಟದ ರಸ್ತೆಗಳ ಆಚೆಯ ಗ್ರಾಮಗಳಿಂದ ನಮ್ಮ ಸಹೋದರರು ಗಾರೆಕೆಲಸಕ್ಕೂ ತೋಟದ ಕೆಲಸಕ್ಕೂ, ಸಹೋದರಿಯರು ಮನೆಗೆಲಸಕ್ಕೂ ಈ ಬಡಾವಣೆಗಳಿಗೆ ಬರುತ್ತಾರೆ. ಸಾಯಂಕಾಲ ಹಿಂದಿರುಗುವಾಗ ದಾರಿಯಲ್ಲಿ ಬಿದ್ದಿರುವ ಒಳ್ಳೆಯ ಹಲಗೆಯನ್ನು ಕಂಡು, ಹಿತ್ತಲಲ್ಲಿ ಗೂಡಿಲ್ಲದ ಕೋಳಿಗಳನ್ನು ನೆನಸಿಕೊಳ್ಳುವದು ಸಹಜವಾಗಿದೆ.

ಹೀಗೆ ನೆನಸಿಕೊಳ್ಳುವದು ತಪ್ಪಲ್ಲ. ಐದು ಸಾವಿರ ಜನರು ಉಂಡು ತೃಪ್ತರಾದ ಮೇಲೆ ನಮ್ಮ ಕರ್ತನು ತುಂಡುಗಳನ್ನು ಕೂಡಿಸಬೇಕೆಂದು ಶಿಷ್ಯರಿಗೆ ಅಪ್ಪಣೆ ಕೊಟ್ಟನು, ಮತ್ತು ಹನ್ನೆರಡು ಪುಟ್ಟಿಗಳು ತುಂಬಿದವು. ಕೈಯಾರೆ ಅಷ್ಟು ರೊಟ್ಟಿಯನ್ನು ಉಂಟುಮಾಡಿದಾತನೇ ಚೂರನ್ನು ಹಾಳುಮಾಡಲು ಒಪ್ಪಲಿಲ್ಲವಾದರೆ, ನಾವು ಗಟ್ಟಿಯಾದ ತೊಲೆಯನ್ನು ಮಣ್ಣುಪಾಲಾಗಲು ಬಿಡುವದು ಹೇಗೆ? ಹಳೆಯ ಸಾಮಾನೆಂದು ಅದನ್ನು ಹೀನಯಿಸಲೂ ಬಾರದು. ಆ ರಾಶಿಯಲ್ಲಿ ನಿಮಗೆ ಸಿಕ್ಕುವ ಮಂಗಳೂರು ಹೆಂಚಿನ ಚರಿತ್ರೆಯನ್ನು ಕೇಳಿರಿ. ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನಲ್ಲಿ ಮೊದಲನೆಯ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಸ್ನಾನದೀಕ್ಷೆಯನ್ನು ಹೊಂದಿದ ಕಾರಣದಿಂದ ಕುಲದ ಕಸುಬನ್ನೂ ಮನೆಯನ್ನೂ ಕಳಕೊಂಡವರಿಗೆ ಕೈತುಂಬ ಕೆಲಸ ಕೊಡಬೇಕೆಂಬದು ಮಿಶನಿನ ಕೈಗಾರಿಕೆಗಳ ಒಂದು ಮುಖ್ಯ ಉದ್ದೇಶವಾಗಿತ್ತು. ಆ ಬಗೆಯ ಹೆಂಚು ನಮ್ಮ ದೇಶದ ಎಷ್ಟೋ ಮನೆಗಳನ್ನು ಎರಡು ಮೂರು ತಲೆಗಳ ವರೆಗೆ ಮಳೆಯಿಂದ ಕಾಪಾಡಿತು. ಒಡೆಯದ ಹೆಂಚು ಇನ್ನೂ ಒಂದು ತಲೆಯ ವರೆಗೆ ಕೋಳಿಗಳನ್ನು ಕಾಪಾಡಬಲ್ಲದು.

ಹೀಗಿರಲಾಗಿ ಮಿತವ್ಯಯವು ಸದ್ಗುಣವೆಂಬದರಲ್ಲಿ ಸಂದೇಹವಿಲ್ಲ. ಆದರೆ ಕಳ್ಳನಿಗೂ ಖರ್ಚು ಕಡಿಮೆ, ಕೂಲಿಯನ್ನು ಹಿಡಿದಿಟ್ಟುಕೊಳ್ಳುವವನಿಗೂ ಖರ್ಚು ಕಡಿಮೆ, ಎತ್ತಿಗೆ ಹುಲ್ಲು ಹಾಕದವನಿಗೂ ಖರ್ಚು ಕಡಿಮೆ. ಇವರನ್ನು ಮಿತವ್ಯಯಿಗಳೆಂದು ಯಾರೂ ಹೊಗಳುವದಿಲ್ಲ. ಯಾಕಂದರೆ ಇವರು ಖರ್ಚನ್ನು ಇಲ್ಲದಂತೆ ಮಾಡಲಿಲ್ಲ, ಅದನ್ನು ಬೇರೆಯವರ ತಲೆಯ ಮೇಲೆ ಹೊರಿಸಿದರು. ಆದದರಿಂದ ಒಂದು ವಸ್ತುವು ಅಗ್ಗವಾಗಿ ಸಿಕ್ಕಿತೆಂದು ಸಂತೋಷಪಡುವ ಮೊದಲು, ನಾನು ಉಳಿಸಿದ ಹಣವನ್ನು ತೆತ್ತವರು ಯಾರು ಎಂಬ ಪ್ರಶ್ನೆಯನ್ನು ಕ್ರೈಸ್ತನು ತನ್ನ ಮನಸ್ಸಾಕ್ಷಿಯ ಮುಂದೆ ಇಡತಕ್ಕದ್ದು. ಕೋಳಿಗೂಡಿನ ವಿಷಯದಲ್ಲಿ ಹಾಗೆ ತೆರಬೇಕಾಗಿ ಬರುವವರು ಮೂವರು: ವಸ್ತುವಿನ ಒಡೆಯನು, ನೆರೆಯವನು, ಕೋಳಿ.

ಒಡೆಯನ ವಿಷಯವನ್ನು ಮೊದಲು ವಿಚಾರಿಸೋಣ. ಬೀದಿಯಲ್ಲಿ ಬಿದ್ದದ್ದೆಲ್ಲ ಒಡೆಯನಿಲ್ಲದ್ದಲ್ಲ. ಕಳೆದುಹೋದ ಎತ್ತನ್ನು ಕಂಡವನು ಕಾಣದವನಂತೆ ಇರಬಾರದೆಂದೂ, ಒಡೆಯನು ಯಾರೆಂದು ತಿಳಿಯದಿದ್ದರೆ ಅವನು ಹುಡುಕಿಕೊಂಡು ಬರುವ ತನಕ ಅದನ್ನು ಕಾಪಾಡಬೇಕೆಂದೂ ಧರ್ಮಶಾಸ್ತ್ರವು ವಿಧಿಸಿತು. ಕೆಡವುವ ಮನೆಯ ಸಾಮಾನನ್ನು ಅನೇಕ ವೇಳೆ ಕೆಡವುವ ಕಂಟ್ರಾಕ್ಟುದಾರನು ಮೊದಲೇ ಲೆಕ್ಕಹಾಕಿ ತನ್ನದಾಗಿ ಮಾಡಿಕೊಂಡಿರುತ್ತಾನೆ, ಅದರ ಮಾರಾಟದಿಂದ ತನ್ನ ಆಳುಗಳಿಗೆ ಕೂಲಿ ಕೊಡುತ್ತಾನೆ. ಹೀಗಿರುವಲ್ಲಿ ಕಾವಲುಗಾರನು ತಲೆಯಾಡಿಸಿದನೆಂಬದು ಒಡೆಯನ ಅನುಮತಿಯಾಗಲಾರದು. ತನ್ನದಲ್ಲದ್ದನ್ನು ಕೊಡುವದಕ್ಕೆ ಕಾವಲುಗಾರನಿಗೆ ಅಧಿಕಾರವಿಲ್ಲ. ಸಿಕ್ಕಿಬಿದ್ದರೆ ಕೆಲಸವನ್ನು ಕಳಕೊಳ್ಳುವವನೂ ಅವನೇ. ಹಗಲಿನಲ್ಲಿ ಹೋಗಿ ಯಜಮಾನನನ್ನು ಕೇಳಿರಿ. ಕೇಳಿದವರಿಗೆ ಒಡೆದ ಕಿಟಕಿಯ ಚೌಕಟ್ಟನ್ನೂ ಇಪ್ಪತ್ತು ಹೆಂಚುಗಳನ್ನೂ ಇಲ್ಲವೆನ್ನುವವರು ವಿರಳ. ಕೇಳಲು ನಾಚಿಕೆಯಾಗುವ ವಸ್ತುವನ್ನು ತರಲು ಇನ್ನೂ ಹೆಚ್ಚು ನಾಚಿಕೆಯಾಗಬೇಕು.

ಇಲ್ಲಿ ನಾವು ಸುಲಭವಾಗಿ ಮರೆಯುವ ಮತ್ತೊಬ್ಬರಿದ್ದಾರೆ. ಹೊಲವನ್ನು ಕೊಯ್ಯುವವನು ಮೂಲೆಗಳನ್ನು ಬಿಡಬೇಕು, ಮರೆತ ಸಿವುಡನ್ನು ತರಲು ಹಿಂದಿರುಗಬಾರದು, ಅದು ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರತಕ್ಕದ್ದು ಎಂದು ಮೋಶೆಯು ಬರೆದನು. ಬೆಂಗಳೂರಿನ ಬೀದಿಗಳಲ್ಲಿ ಆ ಹಕ್ಕಲನ್ನು ಆಯುವವಳು ಯಾರೆಂದು ನೋಡಿರಿ. ಮುಂಜಾನೆಯೇ ಹೆಗಲಿಗೆ ಚೀಲ ಹಾಕಿಕೊಂಡು ಕಬ್ಬಿಣದ ಚೂರು, ತಂತಿ, ಸೀಸೆ, ಕಾಗದಗಳನ್ನು ಆಯ್ದು ಗುಜರಿ ಅಂಗಡಿಗೆ ತೂಕಕ್ಕೆ ಹಾಕಿ, ಆ ಹಣದಿಂದ ಅಕ್ಕಿ ಕೊಳ್ಳುವ ಹೆಂಗಸೇ ಅವಳು. ದಿನಗೂಲಿ ಬರುವ ಮನುಷ್ಯನು ಬೊವಜನ ಹೊಲಕ್ಕೆ ಹೋಗಿ ರೂತಳಿಗಿಂತ ಮುಂದೆ ಬಾಗಿ ತೆನೆಗಳನ್ನು ಆಯುವದು ಧರ್ಮವೋ? ಆದದರಿಂದ ಗುಜರಿಯವನು ಕೊಳ್ಳದ ಹಲಗೆ, ಹೆಂಚು, ಇಟ್ಟಿಗೆ ಚೂರುಗಳನ್ನು ಕೇಳಿ ತನ್ನಿರಿ. ಬೀದಿಯ ಕಬ್ಬಿಣವನ್ನು ಚಿಂದಿ ಆಯುವವರಿಗೆ ಬಿಡಿರಿ. ಕೀಲು, ಚಿಲಕ, ಬಲೆ ಬೇಕಾದರೆ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳಿರಿ. ಅದು ಹೊಸದರ ಬೆಲೆಗಿಂತ ಬಹಳ ಕಡಿಮೆ, ಮತ್ತು ಅದರಲ್ಲಿ ಆಯ್ದವರ ಪಾಲು ಅವರಿಗೆ ಮುಟ್ಟಿರುತ್ತದೆ. ಬಡಗಿಯನ್ನು ಕರೆದರೆ ಅವನ ಕೂಲಿಯನ್ನು ಅದೇ ಸಾಯಂಕಾಲ ಕೊಡಿರಿ. ಸಾಮಾನು ಪುಕ್ಕಟೆಯಾಗಿ ಬಂದಿತೆಂದು ಬೆವರನ್ನೂ ಪುಕ್ಕಟೆಯಾಗಿ ಕೇಳಬಾರದು.

ಎರಡನೆಯವನು ನೆರೆಯವನು. ಮಾಳಿಗೆಯ ಸುತ್ತಲೂ ಕೈಪಿಡಿ ಗೋಡೆಯಿಲ್ಲದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧವು ಕಟ್ಟಿದವನ ಮನೆಗೆ ತಗಲುವದೆಂದು ಮೋಶೆಯು ಹೇಳಿದನು. ಕಟ್ಟಡದ ಖರ್ಚಿನಲ್ಲಿ ಪರರ ಕ್ಷೇಮದ ಖರ್ಚೂ ಸೇರಿದೆ ಎಂಬದು ಆ ವಚನದ ತಾತ್ಪರ್ಯ. ಪುಕ್ಕಟೆಯ ಸಾಮಾನುಗಳಲ್ಲಿ ಕೆಲವು ಎಲ್ಲಕ್ಕಿಂತ ದುಬಾರಿಯಾದವುಗಳು. ಹಳೆಯ ಕಲ್ನಾರಿನ ಶೀಟು, ಅಂದರೆ ಆಸ್ಬೆಸ್ಟಾಸ್, ಕೆಡವಿದ ಕಡೆ ಧಾರಾಳವಾಗಿ ಸಿಕ್ಕುತ್ತದೆ. ಅದನ್ನು ಗರಗಸದಿಂದ ಕೊಯ್ದಾಗಲೂ ಒಡೆದಾಗಲೂ ಕಣ್ಣಿಗೆ ಕಾಣದ ನಾರು ಗಾಳಿಯಲ್ಲಿ ಸೇರಿ ಶ್ವಾಸಕೋಶವನ್ನು ಹೊಕ್ಕು, ಅನೇಕ ವರುಷಗಳ ಮೇಲೆ ಕೊಲ್ಲುವ ರೋಗವನ್ನು ಹುಟ್ಟಿಸುತ್ತದೆ. ಆ ಧೂಳನ್ನು ನೀವು ಮಾತ್ರವಲ್ಲ, ಬೇಲಿಯಾಚೆ ಆಡುವ ಮಗುವೂ ಸೇವಿಸುತ್ತದೆ. ಹಾಗೆಯೇ ಹಳೆಯ ಕದಗಳ ಬಣ್ಣದಲ್ಲಿ ಸೀಸವಿರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ ೯೦ ಪಾಲನ್ನು ಮೀರಬಾರದೆಂಬ ಸರಕಾರದ ನಿಯಮವು ೨೦೧೭ರಲ್ಲಿ ಮಾತ್ರ ಜಾರಿಗೆ ಬಂತು. ಸುಲಿಯುವ ಬಣ್ಣವನ್ನು ಕೋಳಿಯು ಕುಕ್ಕುತ್ತದೆ, ಅದರಲ್ಲಿನ ಸೀಸವು ಮೊಟ್ಟೆಗೆ ಇಳಿಯುತ್ತದೆ, ಮೊಟ್ಟೆಯನ್ನು ನಿಮ್ಮ ಮಕ್ಕಳು ತಿನ್ನುತ್ತಾರೆ. ಆದಕಾರಣ ಬಣ್ಣ ಹಚ್ಚದ ಮರವನ್ನೇ ಆರಿಸಿರಿ. ಕಾರ್ಖಾನೆಗಳಿಂದ ಬರುವ ಸರಕಿನ ಮರದ ಅಟ್ಟೆಯಾದರೆ ಅದರ ಮೇಲಿನ ಮುದ್ರೆಯನ್ನು ಓದಿಸಿ ನೋಡಿರಿ. ಎಚ್. ಟಿ. ಎಂದಿದ್ದರೆ ಕಾವಿನಿಂದ ಶುದ್ಧಿಮಾಡಿದ್ದು, ಎಂ. ಬಿ. ಎಂದಿದ್ದರೆ ವಿಷದ ಹೊಗೆಯಿಂದ. ಎರಡನೆಯದನ್ನು ಮುಟ್ಟಬೇಡಿರಿ.

ನೆರೆಯವನಿಗೆ ತಗಲುವ ಇನ್ನೂ ಕೆಲವು ಖರ್ಚುಗಳಿವೆ. ಗೂಡನ್ನು ಅವನ ಗೋಡೆಗೆ ಒತ್ತಿ ಕಟ್ಟಿದರೆ ವಾಸನೆಯೂ ನೊಣವೂ ಅವನ ಅಡಿಗೆಮನೆಗೆ ಹೋಗುತ್ತವೆ. ಚೆಲ್ಲಿದ ಕಾಳಿಗೆ ಹೆಗ್ಗಣಗಳು ಬರುತ್ತವೆ. ಮೊಟ್ಟೆ ಮಾತ್ರ ಬೇಕಾದರೆ ಹುಂಜದ ಅಗತ್ಯವಿಲ್ಲ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆಯಿಡುತ್ತದೆ, ಅದರಿಂದ ಮರಿ ಬಾರದು ಅಷ್ಟೇ. ಪೇತ್ರನಿಗಾಗಿ ಕೂಗಿದ ಹುಂಜವು ಅವನನ್ನು ಪಶ್ಚಾತ್ತಾಪಕ್ಕೆ ನಡಿಸಿತು. ರಾತ್ರಿಯ ಕೆಲಸ ಮುಗಿಸಿ ಆಗಲೇ ಮಲಗಿದ ನೆರೆಯವನಿಗಾಗಿ ಕೂಗುವ ಹುಂಜವು ಅವನನ್ನು ಎಲ್ಲಿಗೆ ನಡಿಸುವದೆಂದು ಹೇಳುವದು ಕಷ್ಟ. ರೋಗದ ವಿಷಯದಲ್ಲಿಯೂ ಉದಾಸೀನತೆ ಬೇಡ. ೨೦೧೨ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರಕಾರದ ಕುಕ್ಕುಟ ಸಂಸ್ಥೆಯಲ್ಲಿಯೇ ಹಕ್ಕಿಜ್ವರವು ಕಾಣಿಸಿಕೊಂಡು, ಅಲ್ಲಿನ ಪಕ್ಷಿಗಳನ್ನು ಕೊಂದು ಹೂಳಬೇಕಾಯಿತು. ವಿದ್ವಾಂಸರ ಕಾವಲಿದ್ದಲ್ಲಿಯೂ ಬಂದ ರೋಗವು ನಮ್ಮ ಹಿತ್ತಲಿಗೆ ಬಾರದೆಂದು ಹೇಳಲಾಗದು. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಅವುಗಳನ್ನು ಮಾರದೆ, ತಿನ್ನದೆ, ಹಳ್ಳಕ್ಕೆ ಎಸೆಯದೆ, ಪಶುವೈದ್ಯರಿಗೆ ತಿಳಿಸುವದು ನೆರೆಯವನನ್ನು ಪ್ರೀತಿಸುವ ಅಪ್ಪಣೆಗೆ ಸೇರಿದ್ದೇ.

ಮೂರನೆಯದು ಕೋಳಿ. ಒಡೆಯನು ಕೇಳಬಲ್ಲನು, ನೆರೆಯವನು ಜಗಳವಾಡಬಲ್ಲನು. ಕೋಳಿಗೆ ಬಾಯಿಲ್ಲ. ಆದದರಿಂದ ಖರ್ಚನ್ನು ಹೊರಿಸುವದು ಅದರ ಮೇಲೆಯೇ ಅತಿ ಸುಲಭ. ಬಹುಕಾಲದಿಂದ ನಮ್ಮ ದೇಶದ ದೊಡ್ಡ ಮೊಟ್ಟೆಯ ಕಾರ್ಖಾನೆಗಳಲ್ಲಿ ತಂತಿಯ ಪಂಜರದೊಳಗೆ ಒಂದೊಂದು ಕೋಳಿಗೆ ಕೊಡುತ್ತಾ ಬಂದ ಸ್ಥಳವು ಸುಮಾರು ೪೫೦ ಚದರ ಸೆಂಟಿಮೀಟರು, ಅಂದರೆ ಅರ್ಧ ಚದರಡಿಗಿಂತಲೂ ಕಡಿಮೆ. ಅದರಲ್ಲಿ ಅದು ರೆಕ್ಕೆಯನ್ನು ಬಿಚ್ಚಲಾರದು. ಚಲಿಸುವದಕ್ಕೆ ತಕ್ಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಪ್ರಕಾರ ಅಪರಾಧ. ಕೋಳಿಗಳ ವಾಸದ ಸಂಗತಿಯನ್ನೇ ಕುರಿತು ಭಾರತದ ಕಾನೂನು ಆಯೋಗವು ೨೦೧೭ರಲ್ಲಿ ತನ್ನ ೨೬೯ನೆಯ ವರದಿಯನ್ನು ಬರೆಯಿತು. ಇವುಗಳಿಗಿಂತ ಬಹಳ ಹಿಂದೆಯೇ, ನೀತಿವಂತನು ತನ್ನ ಪಶುಗಳ ಪ್ರಾಣವನ್ನು ಲಕ್ಷಿಸುವನೆಂಬ ಅರ್ಥದ ಮಾತನ್ನು ಜ್ಞಾನೋಕ್ತಿಗಳ ಪುಸ್ತಕವು ನಮಗೆ ಕಲಿಸಿತ್ತು.

ಹಾಗಾದರೆ ಬಡವನು ಹಳೆಯ ಸಾಮಾನಿನಿಂದ ನ್ಯಾಯವಾದ ಗೂಡನ್ನು ಕಟ್ಟುವದು ಹೇಗೆ? ನೋಹನಿಗೆ ನಾವೆಯ ಉದ್ದ, ಅಗಲ, ಎತ್ತರ, ಕಿಟಕಿ, ಬಾಗಲುಗಳನ್ನು ದೇವರೇ ಅಳತೆಮಾಡಿ ಹೇಳಿದನು. ಪ್ರಾಣಿಗಳನ್ನು ಒಳಗೆ ಸೇರಿಸುವ ಮೊದಲು ಅಳತೆ ಬೇಕೆಂಬದಕ್ಕೆ ಇದು ಸಾಕ್ಷಿ. ಹಗಲೆಲ್ಲ ಹಿತ್ತಲಲ್ಲಿ ಮೇಯುವ ನಾಲ್ಕು ನಾಟಿ ಹೇಂಟೆಗಳು ರಾತ್ರಿ ತಂಗುವದಕ್ಕೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ನೆಲ ಸಾಕು. ಒಂದಕ್ಕೆ ಮೂರು ಚದರಡಿ ಬರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳಸಿದ ಗಿರಿರಾಜ ತಳಿಯಾದರೆ ದೇಹ ದೊಡ್ಡದಾದ್ದರಿಂದ ಇನ್ನೂ ಹೆಚ್ಚು ಬೇಕು. ಕಿಟಕಿಯ ಚೌಕಟ್ಟುಗಳನ್ನು ಕಂಬಗಳಾಗಿ ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹಲಗೆ ಹಾಸಿ, ಅದರ ಮೇಲೆ ಭತ್ತದ ಹೊಟ್ಟನ್ನಾಗಲಿ ಒಣಗಿದ ಮರದ ಹೊಟ್ಟನ್ನಾಗಲಿ ಹರಡಿರಿ. ಹೆಂಚಿನ ಮಾಡು ಇಳಿಜಾರಾಗಿದ್ದು ಗೋಡೆಯಿಂದ ಆಚೆಗೆ ಚಾಚಿರಲಿ. ಕೋಳಿಯು ಮರದ ಕೊಂಬೆಯಲ್ಲಿ ಮಲಗುವ ಜಾತಿಯಾದ್ದರಿಂದ ಎರಡು ಅಂಗುಲ ದಪ್ಪದ ಅಡ್ಡಗೋಲನ್ನು, ಒಂದಕ್ಕೆ ಹತ್ತು ಅಂಗುಲ ಸ್ಥಳ ಬರುವಂತೆ ಕಟ್ಟಿರಿ. ಮೊಟ್ಟೆಯಿಡಲು ಒಂದಡಿ ಚೌಕದ ಒಂದು ಕತ್ತಲೆಯ ಪೆಟ್ಟಿಗೆ ನಾಲ್ಕು ಹೇಂಟೆಗಳಿಗೆ ಸಾಕು. ಒಲೆಯ ಬೂದಿಯನ್ನು ಒಣಮಣ್ಣಿನೊಂದಿಗೆ ಬೆರಸಿ ಮೂಲೆಯಲ್ಲಿಟ್ಟರೆ ಅವು ಅದರಲ್ಲಿ ಹೊರಳಿ ಹೇನನ್ನು ಕಳಕೊಳ್ಳುತ್ತವೆ.

ಗಾಳಿಯ ವಿಷಯದಲ್ಲಿ ಅನೇಕರು ತಪ್ಪು ಕನಿಕರ ತೋರಿಸಿ, ಚಳಿಯಾಗುವದೆಂದು ಗೂಡನ್ನು ನಾಲ್ಕು ಕಡೆಯೂ ಮುಚ್ಚುತ್ತಾರೆ. ನಮ್ಮ ಸೀಮೆಯ ಮಾಗಿಯ ಚಳಿಯನ್ನು ಕೋಳಿಯ ಗರಿಯೇ ತಡೆಯುತ್ತದೆ. ಹಿಕ್ಕೆಯಿಂದ ಏಳುವ ಕಟು ವಾಸನೆಯನ್ನು ಅದರ ಕಣ್ಣೂ ಎದೆಯೂ ತಡೆಯಲಾರವು. ಆದದರಿಂದ ಮಳೆ ಬೀಸುವ ಕಡೆಯನ್ನು ಮುಚ್ಚಿ, ಉಳಿದ ಕಡೆಗಳಲ್ಲಿ ಅಡ್ಡಗೋಲಿಗಿಂತ ಮೇಲೆ ಬಲೆ ಹಾಕಿ ಗಾಳಿಗೆ ದಾರಿ ಬಿಡಿರಿ. ಈ ಬಲೆಯೊಂದರಲ್ಲಿ ಮಾತ್ರ ಜಿಪುಣತನ ಬೇಡ. ಅಗಲ ಕಣ್ಣಿನ ತೆಳುವಾದ ಕೋಳಿಬಲೆಯು ಕೋಳಿಯನ್ನು ಒಳಗೆ ಇಡುತ್ತದೆ, ಮುಂಗುಸಿಯನ್ನೂ ಹೆಗ್ಗಣವನ್ನೂ ಹಾವನ್ನೂ ಹೊರಗೆ ಇಡುವದಿಲ್ಲ. ಅರ್ಧ ಅಂಗುಲ ಕಣ್ಣಿನ ಗಟ್ಟಿ ಬಲೆಯನ್ನು ಹಣ ಕೊಟ್ಟು ಕೊಂಡು ಬಿಗಿಯಾಗಿ ಮೊಳೆ ಹೊಡೆಯಿರಿ. ಬಲೆಯಲ್ಲಿ ನೀವು ಉಳಿಸಿದ ರೂಪಾಯಿಗಳನ್ನು ಒಂದು ರಾತ್ರಿ ಕೋಳಿಯು ತನ್ನ ಕುತ್ತಿಗೆಯಿಂದ ತೆರುವದು.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ಹೇಗೂ ಒಂದು ದಿನ ಕೊಯ್ದು ತಿನ್ನುವ ಕೋಳಿಗೆ ಇಷ್ಟು ಉಪಚಾರವೇಕೆ ಎಂಬದು ಮೊದಲನೆಯದು. ಮೋಶೆಯು ಗೂಡಿನ ಮರಿಗಳನ್ನು ತೆಗೆದುಕೊಳ್ಳಲು ಅಪ್ಪಣೆ ಕೊಟ್ಟರೂ ತಾಯಿಯನ್ನು ಬಿಡಬೇಕೆಂದನು. ಎತ್ತಿನಿಂದ ಕಣ ತುಳಿಸಲು ಅಪ್ಪಣೆ ಕೊಟ್ಟರೂ ಬಾಯಿ ಕಟ್ಟಬಾರದೆಂದನು. ಉಪಯೋಗಿಸಿಕೊಳ್ಳುವ ಅಧಿಕಾರ ಕೊಟ್ಟ ಸ್ಥಳದಲ್ಲಿಯೇ ಅದಕ್ಕೆ ಎಲ್ಲೆಯನ್ನೂ ಹಾಕಿದನು. ಕೊಲ್ಲುವ ಒಂದು ಗಳಿಗೆಯ ಮೇಲೆ ನಮಗೆ ಅಧಿಕಾರವಿದೆಯೆಂದು ಹೇಳಿ, ಅದರ ಹಿಂದಿನ ಸಾವಿರ ದಿನಗಳನ್ನು ನರಕಮಾಡುವ ಅಧಿಕಾರವೂ ಬಂದಿತೆಂದು ಎಣಿಸುವವನು ಒಂದು ಚೀಟಿಯನ್ನು ತೋರಿಸಿ ಎರಡು ಮೂಟೆಗಳನ್ನು ಕೇಳುವವನಂತಿದ್ದಾನೆ.

ಎರಡನೆಯ ಆಕ್ಷೇಪವು ಹೆಚ್ಚು ಭಾರವಾದದ್ದು, ಅದನ್ನು ಹಗುರಾಗಿ ತಳ್ಳಿಬಿಡಬಾರದು. ನಮ್ಮ ಮಕ್ಕಳೇ ಶೀಟಿನ ಕೆಳಗೆ ಆರು ಜನರಾಗಿ ಮಲಗುತ್ತಾರೆ, ಕೋಳಿಗೆ ಚದರಡಿಗಳ ಲೆಕ್ಕ ಹೇಳುತ್ತೀರಾ ಎಂದು ಒಬ್ಬ ತಾಯಿ ಕೇಳಿದರೆ ಏನನ್ನುವದು? ಇಲ್ಲದವನಿಂದ ದೇವರು ಇಲ್ಲದ್ದನ್ನು ಕೇಳುವದಿಲ್ಲ. ಆದರೆ ನಮಗೆ ಅನ್ಯಾಯವಾಗಿದೆ ಎಂಬದು ನಮಗಿಂತ ಬಲಹೀನವಾದದ್ದಕ್ಕೆ ಅನ್ಯಾಯ ಮಾಡಲು ಪರವಾನಗಿಯಾಗಲಾರದು. ಹಾಗಾದಲ್ಲಿ ಮೇಲಿನವರಿಗೆ ನಮ್ಮನ್ನು ತುಳಿಯಲು ಯಾವ ನೆವವಿದೆಯೋ ಅದೇ ನೆವವನ್ನು ನಾವೂ ಹಿಡಿದಂತಾಗುವದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮಗೆಲ್ಲ ಗೊತ್ತು. ಅದನ್ನು ಗೂಡಿಗೂ ಅನ್ವಯಿಸೋಣ. ಎರಡು ಕೋಳಿಗೆ ತಕ್ಕ ಹಲಗೆಯಿದ್ದರೆ ಎರಡನ್ನು ಸಾಕಿರಿ, ಎಂಟನ್ನು ತುರುಕಬೇಡಿರಿ. ಧರ್ಮವುಳ್ಳ ಮಿತವ್ಯಯವು ತನ್ನ ಆಶೆಯನ್ನು ಕತ್ತರಿಸಿ ಚಿಕ್ಕದು ಮಾಡುತ್ತದೆ. ಅಧರ್ಮದ ಮಿತವ್ಯಯವು ಪರರ ಪಾಲನ್ನು ಕತ್ತರಿಸುತ್ತದೆ. ಇವೆರಡರಲ್ಲಿ ಉಳಿಯುವ ಹಣ ಸಮವಾಗಿರಬಹುದು. ಆದರೂ ಒಂದನ್ನು ಬಡವನೂ ನೆಟ್ಟಗೆ ನಿಂತು ಮಾಡಬಹುದು, ಇನ್ನೊಂದನ್ನು ಐಶ್ವರ್ಯವಂತನೂ ತಲೆತಗ್ಗಿಸದೆ ಮಾಡಲಾರನು.

ಬೆಲೆಯಿಲ್ಲದ್ದರ ಲೆಕ್ಕವನ್ನು ದೇವರು ಇಡುವನೋ ಎಂದು ಸಂದೇಹಪಡುವವರು ಎರಡು ಸುವಾರ್ತೆಗಳನ್ನು ಕೂಡಿಸಿ ಓದಲಿ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿಗಳು. ಲೂಕನಲ್ಲಿ ಎರಡು ಕಾಸಿಗೆ ಐದು. ಲೆಕ್ಕದ ಪ್ರಕಾರ ನಾಲ್ಕೇ ಬರಬೇಕಾಗಿತ್ತು. ಐದನೆಯದು ನಮ್ಮ ಸಂತೆಯಲ್ಲಿ ಸೊಪ್ಪಿನವಳು ಕಟ್ಟಿನ ಮೇಲೆ ಹಾಕುವ ಕೊಸರಿನಂತೆ ಬಂದದ್ದು. ಅದಕ್ಕೆ ಮಾರಿದವನಲ್ಲಿಯೂ ಬೆಲೆಯಿಲ್ಲ, ಕೊಂಡವನಲ್ಲಿಯೂ ಬೆಲೆಯಿಲ್ಲ. ಅವುಗಳಲ್ಲಿ ಒಂದನ್ನೂ ದೇವರು ಮರೆಯುವದಿಲ್ಲವೆಂದು ನಮ್ಮ ಕರ್ತನು ಹೇಳಿದಾಗ, ಕೊಸರಾಗಿ ಬಂದ ಆ ಗುಬ್ಬಿಯೂ ಲೆಕ್ಕಕ್ಕೆ ಸೇರಿತು. ಯೆರೂಸಲೇಮಿಗಾಗಿ ದುಃಖಪಟ್ಟ ದಿನದಲ್ಲಿ ಆತನು ತನ್ನನ್ನು ಹೋಲಿಸಿಕೊಂಡದ್ದು ಹದ್ದಿಗಲ್ಲ, ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸಿಕೊಳ್ಳುವ ಹೇಂಟೆಗೆ. ರೆಕ್ಕೆ ಬಿಚ್ಚಲು ಸ್ಥಳವಿಲ್ಲದ ಗೂಡಿನಲ್ಲಿ ಈ ಹೋಲಿಕೆಯನ್ನು ನಮ್ಮ ಮಕ್ಕಳಿಗೆ ತೋರಿಸುವದಾದರೂ ಹೇಗೆ?

ಸುಗ್ಗಿಹಬ್ಬದ ದಿವಸ ನಮ್ಮ ಸಭೆಗಳಲ್ಲಿ ತೆಂಗಿನಕಾಯಿ, ಕುಂಬಳ, ರಾಗಿಗಳೊಂದಿಗೆ ಕೋಳಿಯನ್ನೂ ಮೊಟ್ಟೆಗಳನ್ನೂ ತಂದು ಕರ್ತನಿಗೆ ಅರ್ಪಿಸುವ ವಾಡಿಕೆಯುಂಟು. ಆಗ ದಾವೀದನನ್ನು ನೆನಸಿಕೊಳ್ಳಿರಿ. ಅರೌನನು ಕಣವನ್ನೂ ಎತ್ತುಗಳನ್ನೂ ಪುಕ್ಕಟೆಯಾಗಿ ಕೊಡುತ್ತೇನೆಂದಾಗ, ಖರ್ಚಿಲ್ಲದೆ ಬಂದದ್ದನ್ನು ದೇವರಿಗೆ ಅರ್ಪಿಸಲಾರೆನೆಂದು ಅರಸನು ಐವತ್ತು ಬೆಳ್ಳಿನಾಣ್ಯಗಳನ್ನು ತೆತ್ತು ಕೊಂಡುಕೊಂಡನು. ನಾವು ಅರಸರಲ್ಲ, ಪುಕ್ಕಟೆಯ ಹಲಗೆಯನ್ನು ಬೇಡವೆನ್ನುವ ಸ್ಥಿತಿ ನಮಗಿಲ್ಲ, ದೇವರು ಅದನ್ನು ನಮ್ಮಿಂದ ಕೇಳುವದೂ ಇಲ್ಲ. ಆದರೆ ಒಡೆಯನನ್ನು ಕೇಳಿ ತಂದ ಹಲಗೆಗೆ ಒಂದು ವಿನಯದ ಮಾತು ಖರ್ಚಾಗುತ್ತದೆ, ಗೋಡೆಯಿಂದ ದೂರ ಕಟ್ಟಿದ ಗೂಡಿಗೆ ಹಿತ್ತಲಿನ ಒಂದು ಸೊಪ್ಪಿನ ಮಡಿ ಖರ್ಚಾಗುತ್ತದೆ, ಗಟ್ಟಿ ಬಲೆಗೆ ಒಂದೆರಡು ದಿನಗಳ ಕೂಲಿ ಖರ್ಚಾಗುತ್ತದೆ. ಈ ಖರ್ಚುಗಳನ್ನು ನಾವೇ ತೆತ್ತು ಬೆಳಸಿದ ಕೋಳಿಯ ಮೊಟ್ಟೆಯನ್ನು ಯಜ್ಞವೇದಿಯ ಮುಂದೆ ಇಡುವಾಗ, ಅದು ನಿಜವಾಗಿಯೂ ನಮ್ಮ ಕಾಣಿಕೆಯಾಗಿರುವದು. ಇಂಥ ಗೂಡುಗಳು ನಮ್ಮ ಸಭೆಗಳ ಹಿತ್ತಲುಗಳಲ್ಲಿ ಹೆಚ್ಚಲಿ.